ಅಜ್ಜಿಯ ತವರಿನ ಡೇರೆ

(ಅಂತಿಮ ಬಿ.ಎ. ವಿದ್ಯಾರ್ಥಿನಿ)

ಡೇರೆ ಎಂದ ಕೂಡಲೇ ಬಯಲುಸೀಮೆಯ ಮಿತ್ರರ ಕಣ್ಣಮುಂದೆ ಸರ್ಕಸ್ಸಿನ ಗುಡಾರ ಎದ್ದು ನಿಲ್ಲುವುದಂತೆ. ನಮ್ಮ ಮಲೆನಾಡಿನಲ್ಲಿ ಹಾಗಲ್ಲ. ಇಲ್ಲಿ ಡೇರೆಯೆಂದರೆ ಹೂವು; ಪುಸ್ತಕದ ಭಾಷೆಯಲ್ಲಿ ಡೇಲಿಯಾ. ಈ ಒಂದು ಮಾತಿನಿಂದ ಈ ವರ್ಷ ಇಂಗ್ಲಿಷ್ ತರಗತಿಯಲ್ಲಿ ನಾನು ನಗೆಗೀಡಾದೆ.

ಕೀಟ್ಸ್ ಕವಿಯು ವಿಷಾದವನ್ನು ಕುರಿತು ಬರೆದ ಓಡ್ ಪಾಠವಾಗುತ್ತಿತ್ತು. ಅದರಲ್ಲಿ ಪಿಯೋನಿ ಎಂಬ ಹೂವಿನ ಹೆಸರು ಬರುತ್ತದೆ. ಆ ಹೂವನ್ನು ಕಂಡವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಅಧ್ಯಾಪಕಿಯವರು ತಮ್ಮ ಮೊಬೈಲಿನಲ್ಲಿ ಅದರ ಚಿತ್ರ ತೆಗೆದು ಬೆಂಚಿನಿಂದ ಬೆಂಚಿಗೆ ಕಳುಹಿಸಿದರು. ತುಂಬಿದ ಬಟ್ಟಲಿನ ಹಾಗೆ ದುಂಡಗೆ, ಎಸಳಿನ ಮೇಲೆ ಎಸಳು. ಚಿತ್ರ ನನ್ನ ಕೈಗೆ ಬಂದಾಗ ಬಾಯಿ ತಡೆಯಲಿಲ್ಲ. "ಇದು ನಮ್ಮನೆ ಡೇರೆ, ಮೇಡಂ!" ಎಂದುಬಿಟ್ಟೆ. "ಯಾವ ಸರ್ಕಸ್ಸಿನದು?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. ತರಗತಿಯೆಲ್ಲ ನಕ್ಕಿತು.

ಅಧ್ಯಾಪಕಿಯವರು ನಗಲಿಲ್ಲ. ಪಿಯೋನಿ ಬೇರೆ, ಡೇಲಿಯಾ ಬೇರೆ ಎಂದು ಬಿಡಿಸಿ ಹೇಳಿದರು. ಪಿಯೋನಿಗೆ ಚಳಿಗಾಲದಲ್ಲಿ ಒಳ್ಳೆಯ ಶೀತ ಬೇಕು. ಅದು ದೊರೆಯದಿದ್ದರೆ ಹೂ ಬಿಡದು. ಆದುದರಿಂದ ನಮ್ಮ ಸೀಮೆಯಲ್ಲಿ ಅದನ್ನು ಬೆಳೆಸುವ ಆಸೆ ಬೇಡ. ಚೀನಾದೇಶದ ಲುವೊಯಾಂಗ್ ನಗರ ಪಿಯೋನಿಗೆ ಹೆಸರಾದುದು. ಒಮ್ಮೆ ನೆಟ್ಟ ಗಿಡವನ್ನು ಕದಲಿಸದೆ ಬಿಟ್ಟರೆ ಅದೇ ಜಾಗದಲ್ಲಿ ಐವತ್ತು ವರ್ಷಕ್ಕೂ ಮಿಕ್ಕಿ ಬದುಕಬಲ್ಲುದು. ನೆಡುವಾಗ ಮಾತ್ರ ಎಚ್ಚರಿಕೆ ಬೇಕು. ಬೇರಿನ ಮೇಲಿರುವ ಕಣ್ಣು ಎರಡು ಅಂಗುಲಕ್ಕಿಂತ ಆಳಕ್ಕೆ ಹೋದರೆ ಸೊಪ್ಪು ಬಂದೀತು, ಹೂ ಬಾರದು. ಇಷ್ಟು ಹೇಳಿ, "ನಿನ್ನ ಡೇರೆಯ ವಿಷಯ ನೀನೇ ಬರೆಯಮ್ಮ, ಮ್ಯಾಗಜೀನಿಗೆ ಕೊಡು" ಎಂದರು.

ನಾನು ಹೂಂ ಎಂದೆ. ಆದರೆ ಬಹಳ ದಿನ ಲೇಖನಿ ಹಿಡಿಯಲಿಲ್ಲ. ಕಣ್ಣು ಎಂಬ ಮಾತು ಕಿವಿಗೆ ಬಿದ್ದೊಡನೆ ನನಗೆ ಬೇರೊಂದು ನೆನಪಾಗಿದ್ದಿತು. ಡೇರೆಯ ವಿಷಯ ಬರೆಯಬೇಕಾದರೆ ಅದನ್ನು ಬಿಟ್ಟು ಬರೆಯುವಂತಿಲ್ಲ. ಅದನ್ನು ಬರೆಯಲು ನಾಚಿಕೆ.

ನಮ್ಮದು ಸಾಗರ ಸೀಮೆಯ ಒಂದು ಸಣ್ಣ ಊರು. ಅಪ್ಪನಿಗೆ ಒಂದಿಷ್ಟು ಗದ್ದೆ ಉಂಟು. ಅದು ಸಾಲದ ದಿನಗಳಲ್ಲಿ ಕೂಲಿ. ಅವ್ವ ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯಲು ಹೋಗುತ್ತಾಳೆ. ಅವಳು ಮೂರನೆಯ ಇಯತ್ತೆಯವರೆಗೆ ಓದಿದವಳು. ಅಜ್ಜಿ, ಅಂದರೆ ಅಪ್ಪನ ತಾಯಿ, ಶಾಲೆಯ ಮೆಟ್ಟಿಲನ್ನೇ ಹತ್ತಿರಲಿಲ್ಲ. ನಮ್ಮ ಮನೆತನದಲ್ಲಿ ಕಾಲೇಜು ಕಂಡವಳು ನಾನೇ ಮೊದಲು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಮುಂದಿನ ಕಥೆಗೆ ಬೇಕಾಗಿದೆ ಎಂದು ಹೇಳುತ್ತಿದ್ದೇನೆ.

ಮನೆ ಸಣ್ಣದಾದರೂ ಅಂಗಳದ ಅಂಚಿನಲ್ಲಿ ಡೇರೆಯ ಸಾಲು ತಪ್ಪಿದುದಿಲ್ಲ. ನಮ್ಮ ಕಡೆಯ ಹೆಂಗಸರ ಡೇರೆಯ ಹುಚ್ಚನ್ನು ಬಲ್ಲವರೇ ಬಲ್ಲರು. ಮಳೆಗಾಲದಲ್ಲಿ ಯಾರ ಮನೆಗೆ ಹೋದರೂ ಮೊದಲು ಮಾತನಾಡಿಸುವುದು ಡೇರೆಯನ್ನು, ಆಮೇಲೆ ಮನೆಯವರನ್ನು. "ಈ ಬಣ್ಣ ನಮ್ಮಲ್ಲಿಲ್ಲ" ಎಂದರೆ, ಗೆಡ್ಡೆ ಕೀಳುವಾಗ ನನಗೊಂದು ಇಡು ಎಂದು ಅರ್ಥ. ಇಡದಿದ್ದರೆ ಅದಕ್ಕೂ ಉಪಾಯವುಂಟು. ಕದ್ದು ತಂದ ಗಿಡವೇ ಚೆನ್ನಾಗಿ ಬದುಕುವುದೆಂದು ನಮ್ಮಲ್ಲಿ ಒಂದು ನಂಬಿಕೆಯಿದೆ. ಬಹಳ ಸಜ್ಜನರೆನಿಸಿದ ಹೆಂಗಸರೂ ಈ ನಂಬಿಕೆಯನ್ನು ಪರೀಕ್ಷಿಸಿ ನೋಡಿದ್ದುಂಟು.

ಡೇರೆಯ ಆರೈಕೆ ಸುಲಭವೆಂದು ಕಾಣುತ್ತದೆ. ಮೇ ತಿಂಗಳಲ್ಲಿ ಒಂದೆರಡು ಅಡ್ಡಮಳೆ ಬಿದ್ದ ಮೇಲೆ ಗೆಡ್ಡೆಯ ಕುತ್ತಿಗೆಯಲ್ಲಿ ಕಡಲೆಕಾಳಿನಷ್ಟು ಮೊಳಕೆ ಮೂಡುತ್ತದೆ. ಸುಡುಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ ಇವನ್ನು ಬೆರೆಸಿ, ನೀರು ಬಸಿದು ಹೋಗುವಂತೆ ತಳದಲ್ಲಿ ತೂತು ಮಾಡಿದ ಕೊಟ್ಟೆಯಲ್ಲಿ ತುಂಬಿ ನೆಡಬೇಕು. ಮೊಳಕೆ ಮೇಲೆ ಬರುವ ತನಕ ನೀರು ಹೆಚ್ಚಾಗಬಾರದು, ಗೆಡ್ಡೆ ಕೊಳೆತು ಹೋಗುತ್ತದೆ. ಗಿಡ ಗೇಣುದ್ದವಾದಾಗ ತುದಿ ಚಿವುಟಿದರೆ ಕವಲೊಡೆದು ಹೂ ಹೆಚ್ಚು ಬಿಡುವುದು. ಹೂ ದೊಡ್ಡದು ಬೇಕೆಂದರೆ ನಡುವಿನ ಮೊಗ್ಗನ್ನು ಉಳಿಸಿ ಪಕ್ಕದವನ್ನು ತೆಗೆಯಬೇಕು. ದಂಟು ಟೊಳ್ಳು, ಆಷಾಢದ ಗಾಳಿಗೆ ಮುರಿಯದಂತೆ ಕೋಲು ಕೊಟ್ಟು ಕಟ್ಟಬೇಕು. ರಾತ್ರಿ ದೀಪ ಹಿಡಿದು ಬಸವನಹುಳುಗಳನ್ನು ಹೆಕ್ಕಬೇಕು. ಒಂದು ಹುಳು ಒಂದೇ ರಾತ್ರಿಯಲ್ಲಿ ಎಳೆಯ ಚಿಗುರನ್ನು ಮುಗಿಸುತ್ತದೆ. ಚೌತಿಯ ಹೊತ್ತಿಗೆ ಹೂ ಬರುತ್ತದೆ, ನವರಾತ್ರಿಗೆ ಅಂಗಳ ತುಂಬುತ್ತದೆ. ದೊಡ್ಡಹಬ್ಬ ಕಳೆದು ಗಿಡ ಒಣಗಿದ ಮೇಲೆ ಗೆಡ್ಡೆಯನ್ನು ಒಣ ಮಣ್ಣಿನಲ್ಲಿ ನೆರಳಿಗಿಟ್ಟು ಕಾಯಬೇಕು. ಪಸೆ ಹೆಚ್ಚಾದರೆ ಕೊಳೆಯುವುದು, ತೀರ ಒಣಗಿದರೆ ಸುಕ್ಕಾಗಿ ಸಾಯುವುದು. ಹೂವಿನ ಸುಖ ಎರಡು ತಿಂಗಳು. ಕಾಯುವ ಕಷ್ಟ ಹತ್ತು ತಿಂಗಳು.

ಈ ಹೂ ನಮ್ಮದೆಂದು ನಾವು ತಿಳಿದಿದ್ದರೂ ಇದರ ತವರು ದೂರದ ಮೆಕ್ಸಿಕೋ. ಅಲ್ಲಿಂದ ಸ್ಪೇನಿನ ಮ್ಯಾಡ್ರಿಡ್ ಸಸ್ಯೋದ್ಯಾನಕ್ಕೆ ಬಂದ ಗಿಡಕ್ಕೆ 1791ರಲ್ಲಿ ಕಾವನಿಲೆಸ್ ಎಂಬ ವಿದ್ವಾಂಸನು ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಆಂಡರ್ಸ್ ಡಾಲ್ ಎಂಬವನ ನೆನಪಿಗಾಗಿ ಡೇಲಿಯಾ ಎಂದು ಹೆಸರಿಟ್ಟನು. 1963ರಲ್ಲಿ ಮೆಕ್ಸಿಕೋ ಅದನ್ನು ತನ್ನ ರಾಷ್ಟ್ರಪುಷ್ಪವೆಂದು ಸಾರಿತು. ನಮ್ಮ ಹೆಂಗಸರು ಡಾಲ್ ಮಹಾಶಯನನ್ನು ಡೇರೆ ಮಾಡಿ ಅಂಗಳಕ್ಕೆ ತಂದುಕೊಂಡರು. ಇದೆಲ್ಲ ನಾನು ಓದಿ ತಿಳಿದುದು. ಅಜ್ಜಿಗೆ ಡೇರೆಯ ತವರೆಂದರೆ ಒಂದೇ. ಅದು ತನ್ನ ತವರು.

ಅಜ್ಜಿ ನಮ್ಮ ಮನೆಗೆ ಸೊಸೆಯಾಗಿ ಬಂದುದು 1962ರಲ್ಲಿ. ಮದುವೆಯಾದ ವರ್ಷದ ಬೇಸಗೆಯಲ್ಲಿ ತವರಿಗೆ ಹೋಗಿದ್ದಾಗ ಅವಳ ತಾಯಿ ಸೆರಗಿನಲ್ಲಿ ಎರಡು ಗೆಡ್ಡೆ ಕಟ್ಟಿ ಕಳುಹಿಸಿದಳಂತೆ. ಗಾಢ ಕೆಂಪಿನ ಹೂ, ಪ್ರತಿ ಎಸಳಿನ ತುದಿಯಲ್ಲಿ ಸುಣ್ಣದ ಬೊಟ್ಟಿಟ್ಟಂತೆ ಬಿಳುಪು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟೆ ಮುಗಿದು ಶರಾವತಿಯ ನೀರು ನಿಂತಿತು. ಅಜ್ಜಿಯ ತವರೂರು ನೀರಿನ ಅಡಿಗೆ ಹೋಯಿತು. ಅಲ್ಲಿಯ ಜನರನ್ನು ಲಾರಿಗಳಲ್ಲಿ ತುಂಬಿ ದೂರದ ಕಾಡಂಚಿಗೆ ಕೊಂಡೊಯ್ದು ಬಿಟ್ಟರು. ನಾಡಿಗೆ ಬೆಳಕು ಬಂದಿತು. ಅದು ಸಣ್ಣ ಮಾತಲ್ಲ. ಆದರೆ ಅಜ್ಜಿಗೆ ಹಬ್ಬಕ್ಕೆ ಹೋಗಿ ನಿಲ್ಲಲು ಹಳೆಯ ಅಂಗಳ ಇಲ್ಲವಾಯಿತು. ಕಡು ಬೇಸಗೆಯಲ್ಲಿ ಹಿನ್ನೀರು ಇಳಿದಾಗ, ಮುಳುಗಿಹೋದ ಹಿರೇಭಾಸ್ಕರದ ಹಳೆಯ ಅಣೆಕಟ್ಟೆ ಎದ್ದು ಕಾಣುತ್ತದೆ. ಅದನ್ನು ನೋಡಿ ಬಂದವರನ್ನು ಅಜ್ಜಿ ಕೇಳುತ್ತಿದ್ದುದು ಒಂದೇ ಪ್ರಶ್ನೆ: "ನಮ್ಮೂರು ಏನಾದ್ರೂ ಕಂಡ್ತನಾ?" ಕಂಡವರಿಲ್ಲ.

ಆ ಕೆಂಪು ಡೇರೆಯನ್ನು ನಾವು 'ತವರ ಡೇರೆ' ಎಂದೇ ಕರೆಯುತ್ತಿದ್ದೆವು. ಅದರ ಮೊದಲ ಹೂ ದೇವರಿಗೆ, ಎರಡನೆಯದು ಅಜ್ಜಿಯ ತುರುಬಿಗೆ. ಮೂರನೆಯದು ಯಾರಿಗೆ ಎಂಬ ವಿಷಯದಲ್ಲಿ ನನಗೂ ತಮ್ಮನಿಗೂ ಜಗಳ. 2021ರಲ್ಲಿ ಅಜ್ಜಿ ತೀರಿಕೊಂಡಳು. ಅನಂತರ ಗೆಡ್ಡೆಯನ್ನು ಅವ್ವ ಕಾಯ್ದಳು. ಅಜ್ಜಿಗೆ ಅವ್ವ ಸೊಸೆ. ಅತ್ತೆಯ ತವರನ್ನು ಸೊಸೆ ಕಾಯ್ದಳೆಂದರೆ ತಪ್ಪಾಗಲಾರದು.

ಇನ್ನು ನಾಚಿಕೆಯ ಭಾಗ.

2025ರ ಏಪ್ರಿಲಿನಲ್ಲಿ ಅವ್ವನಿಗೆ ಶಿವಮೊಗ್ಗದಲ್ಲಿ ಹೊಟ್ಟೆಯ ಆಪರೇಷನ್ ಆಯಿತು. ಅಪ್ಪ ಅವಳ ಜೊತೆಗಿದ್ದರು. ನಾನು ಕಾಲೇಜು ಬಿಟ್ಟು ಮನೆ, ದನ, ತಮ್ಮ ಇವರನ್ನು ನೋಡಿಕೊಂಡೆ. ಹೊರಡುವಾಗ ಅವ್ವ, "ಡೇರೆ ಗೆಡ್ಡೆ ಅಟ್ಟದ ಹೆಡಿಗೆಯಲ್ಲಿದೆ. ಮುಟ್ಟಬೇಡ ಮಗಾ, ನಾನು ಬಂದು ನೋಡ್ತೀನಿ" ಎಂದಿದ್ದಳು.

ಹೇಳಿದಷ್ಟು ಮಾಡಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ. ಆದರೆ ನಾನು ಓದಿದವಳು! ಡೇಲಿಯಾ ಗೆಡ್ಡೆಯನ್ನು ಬಿಡಿಸಿ ನೆಟ್ಟರೆ ಒಂದು ಗಿಡ ಹತ್ತಾಗುವುದೆಂದು ಮೊಬೈಲಿನಲ್ಲಿ ನೋಡಿದ್ದೆ. ಅದೂ ಅರ್ಧ ಮಾತ್ರ. ಅವ್ವ ಬರುವಾಗ ಅಂಗಳದ ತುಂಬ ತವರ ಡೇರೆ ಇರಬೇಕು, ಅವಳಿಗೆ ಆಶ್ಚರ್ಯವಾಗಬೇಕು ಎಂದು ಆಸೆಪಟ್ಟೆ. ಒಂದು ಸಂಜೆ ಹೆಡಿಗೆ ಇಳಿಸಿದೆ. ತವರ ಡೇರೆಯ ಗೊಂಚಲನ್ನು ಗುರುತಿಸಿದೆ. ಅವ್ವ ಅದಕ್ಕೆ ಕೆಂಪು ದಾರ ಕಟ್ಟಿದ್ದಳು. ಮಣ್ಣು ತೊಳೆದೆ. ನಡುವಿನ ಹಳೆಯ ದಂಟಿನ ಬುಡ ಒಣಗಿ ಕರ್ರಗೆ ವಿಕಾರವಾಗಿ ಕಂಡಿತು. ಕತ್ತಿಯಿಂದ ಅದನ್ನು ಕಡಿದು ಒಲೆಗೆ ಹಾಕಿದೆ. ಕೆಳಗಿನ ಬೆರಳುಗಳು ಹೆಗ್ಗೆಣಸಿನ ಹಾಗೆ ದಪ್ಪಗೆ, ನುಣ್ಣಗೆ, ಹನ್ನೊಂದು ಇದ್ದವು. ಹನ್ನೊಂದನ್ನೂ ಬಿಡಿಬಿಡಿಯಾಗಿ ಗೊಬ್ಬರ ಹಾಕಿ ಹನ್ನೊಂದು ಕೊಟ್ಟೆಗಳಲ್ಲಿ ನೆಟ್ಟೆ. ಆ ರಾತ್ರಿ ನನಗೆ ಬಂದ ನಿದ್ದೆಯಷ್ಟು ಒಳ್ಳೆಯ ನಿದ್ದೆ ಆಮೇಲೆ ಬಹಳ ದಿನ ಬರಲಿಲ್ಲ.

ಅವ್ವ ಬಂದಳು. ಎರಡು ದಿನ ಮಲಗಿದ್ದವಳು ಮೂರನೆಯ ದಿನ ಗೋಡೆ ಹಿಡಿದುಕೊಂಡು ಅಂಗಳಕ್ಕಿಳಿದಳು. ನಾನು ಸಾಲನ್ನು ತೋರಿಸಿದೆ. ಅವಳು ಒಂದು ಕೊಟ್ಟೆಯ ಮಣ್ಣನ್ನು ಬೆರಳಿನಿಂದ ಸರಿಸಿ ಗೆಡ್ಡೆಯನ್ನೆತ್ತಿ ತಿರುಗಿಸಿ ನೋಡಿದಳು. "ಕಣ್ಣೆಲ್ಲಿ?" ಎಂದಳು. ಇನ್ನೊಂದನ್ನೆತ್ತಿ ನೋಡಿದಳು. ಮತ್ತೆ ಕೇಳಲಿಲ್ಲ. ನಾನು ಅಳುವುದಕ್ಕೆ ಮೊದಲೇ, "ಇರ್ಲಿ ಬಿಡು. ಅಜ್ಜಿ ಹೋಗಿಯೇ ನಾಲ್ಕು ವರ್ಷ ಆಯ್ತಲ್ಲ" ಎಂದು ಒಳಗೆ ಹೋದಳು. ಬೈದಿದ್ದರೆ ಸುಲಭವಾಗುತ್ತಿತ್ತು.

ಆಮೇಲೆ ಸರಿಯಾಗಿ ಓದಿದೆ. ಡೇಲಿಯಾದ ದಪ್ಪ ಬೆರಳು ಬರೀ ಆಹಾರದ ಉಗ್ರಾಣ. ಮೊಳೆಯುವ ಕಣ್ಣು ಅದರಲ್ಲಿಲ್ಲ. ಬೆರಳು ಹಳೆಯ ದಂಟಿನ ಬುಡವನ್ನು ಸೇರುವ ಕುತ್ತಿಗೆಯ ಬಳಿ ಇರುತ್ತದೆ. ಬಿಡಿಸುವಾಗ ಪ್ರತಿ ಬೆರಳಿನೊಂದಿಗೆ ಆ ಬುಡದ ಒಂದು ಚೂರು ಬರಲೇಬೇಕು. ನಾನು ವಿಕಾರವೆಂದು ಒಲೆಗೆ ಹಾಕಿದುದೇ ಜೀವವಿದ್ದ ಭಾಗ. ಆಲೂಗೆಡ್ಡೆಗೆ ಮೈಯೆಲ್ಲ ಕಣ್ಣು. ಡೇರೆಗೆ ಕುತ್ತಿಗೆಯಲ್ಲಿ ಮಾತ್ರ. ಬೀಜದಿಂದ ಮತ್ತೆ ಪಡೆಯುವಂತೆಯೂ ಇಲ್ಲ. ಡೇಲಿಯಾದ ಜೀವಕೋಶದಲ್ಲಿ ವರ್ಣತಂತುಗಳು ಎಂಟು ಕಟ್ಟುಗಳಾಗಿರುವುದರಿಂದ ಬೀಜದ ಗಿಡ ತಾಯಿಯನ್ನು ಹೋಲುವುದಿಲ್ಲ; ಪ್ರತಿಯೊಂದೂ ಹೊಸ ಹೂ. ಹಳೆಯ ಹೂವೇ ಬೇಕೆಂದರೆ ಗೆಡ್ಡೆಯಿಂದ ಬರಬೇಕು, ಇಲ್ಲವೆ ಕಡ್ಡಿಯಿಂದ ಬರಬೇಕು.

ಮಳೆ ಹಿಡಿಯಿತು. ಅವ್ವನ ಬೇರೆ ಡೇರೆಗಳೆಲ್ಲ ಚಿಗುರಿದವು. ನನ್ನ ಹನ್ನೊಂದು ಚಿಗುರಲಿಲ್ಲ. ಜುಲೈನಲ್ಲಿ ಒಂದನ್ನು ಕಿತ್ತು ನೋಡಿದರೆ ಆಶ್ಚರ್ಯ! ಅದು ಸತ್ತಿರಲಿಲ್ಲ; ಬಿಳಿಯ ಬೇರು ಕೂಡ ಬಿಟ್ಟಿತ್ತು. ದಪ್ಪಗೆ, ಆರೋಗ್ಯವಾಗಿ, ಮೇಲೆ ಬರುವ ದಾರಿಯಿಲ್ಲದೆ ಮಣ್ಣಿನಲ್ಲಿ ಕುಳಿತಿತ್ತು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎಂಬ ಗಾದೆಯನ್ನು ನಾನು ಎಷ್ಟೋ ಸಲ ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದಿದ್ದೇನೆ. ಅದರ ಅರ್ಥ ಕೈಯಲ್ಲಿ ಹಿಡಿದು ನೋಡಿದುದು ಅಂದೇ.

ಒಂದು ರಾತ್ರಿ ಊಟ ಮಾಡುತ್ತಿದ್ದಾಗ ಅಪ್ಪ, "ಸಣ್ಣಜ್ಜನ ಮನೆಯಲ್ಲಿ ಆ ಹೂ ಇರಬಹುದೇನೋ" ಎಂದರು. ಸಣ್ಣಜ್ಜನೆಂದರೆ ಅಜ್ಜಿಯ ತಮ್ಮ, ಈಗಿಲ್ಲ. ಮುಳುಗಡೆಯಲ್ಲಿ ಎತ್ತಂಗಡಿಯಾದವರು ಅವರೇ. ಅಜ್ಜಿ ಹೋದ ಮೇಲೆ ಆ ಮನೆಗೆ ಹೋಗಿ ಬರುವುದು ನಿಂತೇಹೋಗಿತ್ತು. ಶ್ರಾವಣದ ಒಂದು ಭಾನುವಾರ ನಾನು ಎರಡು ಬಸ್ಸು ಬದಲಿಸಿ, ಮೂರು ಮೈಲಿ ಕೆಸರಿನಲ್ಲಿ ನಡೆದು, ಅಲ್ಲಿಗೆ ಹೋದೆ. ಗುರುತು ಹೇಳಿಕೊಂಡಾಗ ಅಲ್ಲಿಯ ಅತ್ತೆ ಒಂದು ಗಳಿಗೆ ದಿಟ್ಟಿಸಿ ನೋಡಿದರು. ಆಮೇಲೆ, "ಹೊಳೆಯಾಚೆ ದೊಡ್ಡಮ್ಮನ ಮೊಮ್ಮಗಳಾ? ಬಾ ಒಳಗೆ, ಕಾಲು ತೊಳಿ" ಎಂದರು.

ಒಳಗೆ ಹೋಗುವ ಮೊದಲೇ ಕಂಡೆ. ಜಗಲಿಯ ಕೆಳಗೆ ನಾಲ್ಕು ಗಿಡ. ಒಂದರಲ್ಲಿ ಹೂ ಅರ್ಧ ಬಿರಿದಿತ್ತು. ಗಾಢ ಕೆಂಪು, ತುದಿಯಲ್ಲಿ ಸುಣ್ಣದ ಬೊಟ್ಟು.

ನೀರು ಏರಿದ ವರ್ಷ ಹಿರಿಯರು ತಂದ ಗೆಡ್ಡೆಗಳಿಂದ ಬಂದುದಿರಬೇಕೆಂದು ನಾನು ತಿಳಿದೆ. ಅತ್ತೆ ತಲೆಯಾಡಿಸಿದರು. "ಎಲ್ಲಿಯ ಗೆಡ್ಡೆ! ಪಾತ್ರೆ ಪಗಡೆ, ದನಕರು ತರೋದೇ ಕಷ್ಟ ಆಗಿತ್ತಂತೆ. ಹೂವಿನ ಗೆಡ್ಡೆ ಯಾರು ತರ್ತಾರೆ? ಇದು ನಿಮ್ಮಜ್ಜಿ ತಂದು ಕೊಟ್ಟದ್ದು. ಇಲ್ಲಿಗೆ ಬಂದ ಮರುವರ್ಷ ಅವರ ಅವ್ವನ್ನ ನೋಡೋಕೆ ಬಂದವರು ಸೆರಗಲ್ಲಿ ಕಟ್ಕೊಂಡು ಬಂದಿದ್ರಂತೆ. ನಮ್ಮತ್ತೆ ಹೇಳ್ತಾ ಇದ್ರು" ಎಂದರು.

ತವರಿನಿಂದ ಹೂ ತಂದ ಮಗಳು, ತವರು ಹೋದ ಮೇಲೆ ಅದೇ ಹೂವನ್ನು ತಾಯಿಗೆ ಹಿಂದಕ್ಕೆ ಕೊಟ್ಟಿದ್ದಳು. ಈ ಸಂಗತಿಯನ್ನು ಅಜ್ಜಿ ನಮಗಾರಿಗೂ ಹೇಳಿರಲಿಲ್ಲ. ನಾಡಿನ ಲೆಕ್ಕದಲ್ಲಿ ಇದು ಸೇರತಕ್ಕ ವಿಷಯವಲ್ಲ. ಆದರೆ ಒಂದು ಹೂ ಈ ಸೀಮೆಯಲ್ಲಿ ಉಳಿದುದು ಇದರಿಂದ.

ಹೂ ಬಿಡುವ ಕಾಲದಲ್ಲಿ ಗೆಡ್ಡೆ ಕೀಳುವಂತಿಲ್ಲ. ಅತ್ತೆ ಗಿಡದ ಬುಡದಿಂದ ಹೊಡೆದ ಮೂರು ಪಕ್ಕದ ಕುಡಿಗಳನ್ನು ಮುರಿದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೇಲೆ ಬಾಳೆಲೆ ಕಟ್ಟಿ ಕೊಟ್ಟರು. "ದುಡ್ಡು ಗಿಡ್ಡು ಅಂದ್ರೆ ನೋಡು ಮತ್ತೆ!" ಎಂದು ಗದರಿದರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಅವ್ವ ಕಟ್ಟು ಬಿಚ್ಚಿ, ಬರೀ ಮರಳು ಬೆರೆತ ಮಣ್ಣಿನಲ್ಲಿ ನೆಟ್ಟು, ಮಾಡಿನ ನೀರು ಬೀಳದ ಕಡೆ ಇಟ್ಟಳು. ಎರಡು ವಾರದಲ್ಲಿ ಎರಡು ಕುಡಿ ಕೊಳೆತವು. ಒಂದು ಬೇರು ಬಿಟ್ಟಿತು. ತಡವಾಗಿ ನೆಟ್ಟುದರಿಂದ ಹೂ ಬಿಡಲಿಲ್ಲ. ಡಿಸೆಂಬರಿನಲ್ಲಿ ಎಲೆ ಹಳದಿಯಾಗಿ ಗಿಡ ಒಣಗಿತು.

ನಾವಿಬ್ಬರೂ ಕುಳಿತು ಮಣ್ಣು ಸರಿಸಿದೆವು. ಅಡಿಯಲ್ಲಿ ನನ್ನ ಕಿರುಬೆರಳಿಗಿಂತ ತುಸು ದಪ್ಪದ ಎರಡು ಗೆಡ್ಡೆಗಳು. ನನ್ನ ಹನ್ನೊಂದು ಬೆರಳುಗಳ ಮುಂದೆ ಇವು ಲೆಕ್ಕಕ್ಕೇ ಇಲ್ಲ. ಅವ್ವ ಕುತ್ತಿಗೆಯ ಬಳಿ ಉಗುರಿಟ್ಟು, "ಇಲ್ಲಿ ನೋಡು" ಎಂದಳು. ಮೊದಲು ನನಗೆ ಏನೂ ಕಾಣಲಿಲ್ಲ. ಬೆಳಕಿಗೆ ಹಿಡಿದಾಗ ಸಾಸಿವೆಯಷ್ಟು ಉಬ್ಬು ಕಂಡಿತು. ಹಿಂದೆಯೂ ಅದು ಇದ್ದಿತು. ನೋಡಲು ನನಗೆ ಬರುತ್ತಿರಲಿಲ್ಲ, ಕೇಳಲು ಮನಸ್ಸಿರಲಿಲ್ಲ.

ಇನ್ನು ಕೆಲವು ತಿಂಗಳಲ್ಲಿ ನಮ್ಮ ಮನೆಯಲ್ಲಿ ಒಬ್ಬಳು ಬಿ.ಎ. ಆಗುತ್ತಾಳೆ. ಅಪ್ಪ ಈಗಲೇ ನಾಲ್ಕು ಜನರಿಗೆ ಹೇಳಿದ್ದಾರೆ. ಬಿ.ಎಡ್. ಮಾಡಿಸಬೇಕೆಂದು ಅವರ ಆಸೆ. ಅದಕ್ಕಾಗಿ ನಾನು ಮನೆಯಿಂದ ದೂರ ಹೋಗಬೇಕಾಗಬಹುದು. ಪಿಯೋನಿಯ ಹಾಗೆ ಒಂದೇ ಜಾಗದಲ್ಲಿ ಐವತ್ತು ವರ್ಷ ನಿಲ್ಲುವ ಯೋಗ ನಮ್ಮಂಥವರಿಗಿಲ್ಲ. ಡೇರೆಯ ಹಾಗೆ ಕಿತ್ತು, ಒಣಗಿಸಿ, ಬೇರೆಡೆ ನೆಡಿಸಿಕೊಳ್ಳಬೇಕು. ಹೋಗುವಾಗ ಬುಡದ ಚೂರೊಂದು ಜೊತೆಗೆ ಬಂದರೆ ಸಾಕು ಎಂದು ಈಗ ಅನ್ನಿಸುತ್ತದೆ.

ನೀವು ಇದನ್ನು ಓದುವ ಹೊತ್ತಿನಲ್ಲಿ ಆ ಪುಟ್ಟ ಗೆಡ್ಡೆ ನಮ್ಮ ಅಟ್ಟದ ಮೇಲೆ ಒಣ ಮಣ್ಣಿನ ಕುಡಿಕೆಯಲ್ಲಿ ಮಲಗಿರುತ್ತದೆ. ಇಷ್ಟು ಸಣ್ಣ ಗೆಡ್ಡೆ ಬೇಸಗೆಯ ಸೆಕೆಯಲ್ಲಿ ಬೇಗ ಸುಕ್ಕಾಗುವುದುಂಟು. ಹದಿನೈದು ದಿನಕ್ಕೊಮ್ಮೆ ಬೆರಳದ್ದಿ ನಾಲ್ಕು ಹನಿ ಚಿಮುಕಿಸಬೇಕು. ಐದು ಹನಿಯಾದರೆ ಹೆಚ್ಚಾಯಿತು. ಕುಡಿಕೆಗೆ ಕೆಂಪು ದಾರ ಕಟ್ಟಿ ಅಟ್ಟಕ್ಕೆ ಏರಿಸುವಾಗ ಅವ್ವ ಹೇಳಿದುದು ಇಷ್ಟೇ:

"ಈ ಸಲವೂ ನೀನೇ ನೋಡ್ಕೋ."